ಕೊಪ್ಪಳ ಸೀಮೆಯಲ್ಲಿ ವಂಶಪಾರಂಪರ್ಯ ಅರಸೊತ್ತಿಗೆ

ಆಳುವ ಹಕ್ಕು, ಅದಕ್ಕೆ ಸೇರಿದ ಬಿರುದುಗಳು, ಭೂಮಿಯ ಉತ್ಪನ್ನದಲ್ಲಿನ ಪಾಲು, ದೇವಸ್ಥಾನದ ಮರ್ಯಾದೆ ಇವೆಲ್ಲ ಒಂದೇ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ವ್ಯವಸ್ಥೆಯನ್ನು ವಂಶಪಾರಂಪರ್ಯ ಅರಸೊತ್ತಿಗೆ ಎನ್ನಲಾಗುತ್ತದೆ. ಇಂದಿನ ಕೊಪ್ಪಳ ಜಿಲ್ಲೆಗೆ ಸೇರಿದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಲ್ಲಿ, ಎಂದರೆ ತುಂಗಭದ್ರೆಯ ಎಡದಂಡೆಯ ಆನೆಗೊಂದಿಯಿಂದ ಹನುಮಸಾಗರದ ಹೊಲಗಳವರೆಗಿನ ನೆಲದಲ್ಲಿ, ಈ ವ್ಯವಸ್ಥೆ ಕನಿಷ್ಠ ಒಂಬೈನೂರು ವರ್ಷ ಒಂದಲ್ಲ ಒಂದು ರೂಪದಲ್ಲಿ ನಡೆದುಬಂದಿತು. ಎರಂಬರಗೆಯ ಸಿಂದರು, ಕುಮ್ಮಟದ ಕಂಪಿಲರು, ಆನೆಗೊಂದಿಯ ರಾಯರು, ಕನಕಗಿರಿಯ ನಾಯಕರು, ಅವರ ಕೆಳಗಿನ ದೇಸಾಯಿ, ನಾಡಗೌಡರು ಈ ನೆಲದ ಮುಖ್ಯ ಆಳುವ ಮನೆತನಗಳು. ಇವುಗಳಲ್ಲಿ ಯಾವುದೂ ಇಡೀ ಸೀಮೆಯನ್ನು ಆದಿಯಿಂದ ಅಂತ್ಯದವರೆಗೆ ಆಳಲಿಲ್ಲ. ಒಂದರ ಮೇಲೊಂದು ಪದರವಾಗಿ, ಹಲವೊಮ್ಮೆ ಒಂದೇ ಕಾಲದಲ್ಲಿ ಒಂದರೊಳಗೊಂದಾಗಿ ಇವು ಆಳಿದ್ದರಿಂದ, ಇಲ್ಲಿ ಅರಸುತನವು ರಕ್ತದಿಂದ ತಾನಾಗಿ ಬಂದ ಸ್ವತ್ತು ಎನ್ನುವುದಕ್ಕಿಂತ, ಮೇಲಿನ ಪ್ರಭುವಿನಿಂದಲೂ ಮಠ ದೇವಸ್ಥಾನಗಳಿಂದಲೂ ಕೆಳಗಿನ ಗ್ರಾಮದಿಂದಲೂ ಮತ್ತೆ ಮತ್ತೆ ಒಪ್ಪಿಗೆ ಪಡೆಯಬೇಕಾಗಿದ್ದ ಹಕ್ಕು ಎನ್ನುವುದು ಹೆಚ್ಚು ಸರಿ.

ಈ ವಿಶೇಷ ಸ್ಪಷ್ಟವಾಗಲು ಭಾರತದ ಈಶಾನ್ಯ ಮೂಲೆಯ ಮಣಿಪುರವನ್ನು ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿಯ ಮೈತೇಯಿ ಜನರ ಅರಸರು ನಿಂಗ್ತೌಜಾ ಎಂಬ ಒಂದೇ ಕುಲದವರು. ‘ಚೈತರೋಲ್ ಕುಂಬಾಬಾ’ ಎಂಬ ಆಸ್ಥಾನದ ವರ್ಷಾವಳಿ ಈ ವಂಶದ ಆರಂಭವನ್ನು ಕ್ರಿ.ಶ. 33ಕ್ಕೆ ಒಯ್ದು, ನಾಗರೂಪದ ದೇವತೆಯಾಗಿಯೂ ಪೂಜೆಗೊಳ್ಳುವ ಪಾಖಂಗಬಾನನ್ನು ಮೊದಲ ಅರಸನೆನ್ನುತ್ತದೆ. ಅರಸನು ಯುದ್ಧದ ನಾಯಕನಾಗಿದ್ದಂತೆಯೇ ಧರ್ಮಕಾರ್ಯಗಳಿಗೂ ಮುಖ್ಯಸ್ಥನಾಗಿದ್ದನು. ‘ಲಲ್ಲುಪ್’ ಎಂಬ ಕಟ್ಟಳೆಯಂತೆ ಪ್ರತಿ ವಯಸ್ಕ ಗಂಡಸು ನಲವತ್ತು ದಿನಗಳಲ್ಲಿ ಹತ್ತು ದಿನ ಅರಸನ ಕೆಲಸಕ್ಕೆ ಹೋಗಬೇಕಿತ್ತು. 18ನೆಯ ಶತಮಾನದ ಮೊದಲರ್ಧದಲ್ಲಿ ಆಳಿದ ಪಾಮ್‌ಹೈಬಾ ವೈಷ್ಣವ ಮತವನ್ನು ಸ್ವೀಕರಿಸಿದಾಗ ನಾಡಿನ ಬಹುಭಾಗ ಅದನ್ನು ಹಿಂಬಾಲಿಸಿತು. ಒಂದು ಕಣಿವೆ, ಒಂದು ಭಾಷೆ, ಒಂದು ವಂಶ, ಒಂದು ವರ್ಷಾವಳಿ ಎಂಬ ಈ ಏಕತೆ ಕೊಪ್ಪಳ ಸೀಮೆಗೆ ಎಂದೂ ಒದಗಲಿಲ್ಲ. ಆದರೆ ಅರಸನ ಮೂಲವನ್ನು ನಾಗನಿಗೆ ಕಟ್ಟುವುದು, ಅವನನ್ನು ದೇವರ ಮೊದಲ ಸೇವಕನೆನ್ನುವುದು, ಆಳ್ವಿಕೆ ಹೋದ ಮೇಲೂ ಪೂಜೆಯ ಮರ್ಯಾದೆ ಉಳಿಯುವುದು ಎರಡು ಕಡೆಯೂ ಕಾಣುವ ಸಂಗತಿಗಳು.

ಕೊಪ್ಪಳವು ಅರಸುಮನೆತನಗಳಿಗಿಂತ ಹಳೆಯ ಊರು. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಆದರೂ ಸೀಮೆಯೊಳಗೆ ರಾಜಧಾನಿಯನ್ನಿಟ್ಟುಕೊಂಡು ಹಲವು ತಲೆಮಾರು ಆಳಿದ ಮನೆತನವಾಗಿ ಮೊದಲು ಸ್ಪಷ್ಟವಾಗಿ ಕಾಣುವವರು 11–12ನೆಯ ಶತಮಾನಗಳ ಸಿಂದರು. ಅವರ ಎರಂಬರಗೆಯೇ ಇಂದಿನ ಯಲಬುರ್ಗಾ. ಕಲ್ಯಾಣ ಚಾಲುಕ್ಯರ ಕೆಳಗೆ ಮಹಾಮಂಡಲೇಶ್ವರರಾಗಿ, ಎಂದರೆ ಚಕ್ರವರ್ತಿಗೆ ಕಪ್ಪವನ್ನೂ ಸೈನ್ಯವನ್ನೂ ಒದಗಿಸುತ್ತ ತಮ್ಮ ಮಂಡಲದೊಳಗೆ ಸ್ವತಂತ್ರವಾಗಿ ಆಳುವ ಸಾಮಂತರಾಗಿ, ಅವರು ಕಿಸುಕಾಡು ಎಪ್ಪತ್ತು, ಕೆಲವಡಿ ಮುನ್ನೂರು ಮೊದಲಾದ ನಾಡುಗಳನ್ನು ನೋಡಿಕೊಂಡರು. ಸಿಂದ ಕುಲದ ಹುಟ್ಟಿನ ಕಥೆ ಬಾಗಲಕೋಟೆ ಬಳಿಯ ಭೈರನಮಟ್ಟಿಯ ಶಾಸನದಲ್ಲಿದೆ. ಭೂಲೋಕವನ್ನು ನೋಡಬಯಸಿ ಬಂದ ನಾಗರಾಜ ಧರಣೇಂದ್ರನಿಗೆ ಅಹಿಚ್ಛತ್ರದಲ್ಲಿ ಒಬ್ಬ ಮಗ ಹುಟ್ಟಿದನು, ಅವನನ್ನು ಹುಲಿ ಸಾಕಿತು, ಆ ನೀಳತೋಳಿನ ಸಿಂದನೇ ಮೂಲಪುರುಷನು ಎಂಬುದು ಅದರ ಸಾರ. ಸಿಂದ ಶಾಖೆಗಳಲ್ಲಿ ಕಂಡುಬರುವ ನಾಗಧ್ವಜ, ವ್ಯಾಘ್ರಲಾಂಛನ ಮತ್ತು ಪಾತಾಳದ ನಾಗನಗರಿಯನ್ನು ನೆನಪಿಸುವ ‘ಭೋಗಾವತೀಪುರವರಾಧೀಶ್ವರ’ ಎಂಬ ಬಿರುದಿಗೆ ಈ ಕಥೆಯೇ ಆಧಾರ. ಇದನ್ನು ಇತಿಹಾಸವೆಂದು ಓದುವಂತಿಲ್ಲ; ಚಾಲುಕ್ಯ, ಕದಂಬರಂಥ ಹಳೆಯ ಕುಲಗಳ ಸಾಲಿನಲ್ಲಿ ಕೂರಲು ಹೊಸ ಮನೆತನವೊಂದು ಸಲ್ಲಿಸಿದ ಅರ್ಜಿಯೆಂದು ಓದಬಹುದು.

ಎರಂಬರಗೆಯ ಸಿಂದರಲ್ಲಿ ಎರಡನೆಯ ಆಚುಗಿಯು ಆರನೆಯ ವಿಕ್ರಮಾದಿತ್ಯನ ಪರವಾಗಿ ಹೊಯ್ಸಳರೊಡನೆ ಕಾದಿದನು. ಅವನ ಮಗ ಪೆರ್ಮಾಡಿ ಆ ಹೋರಾಟವನ್ನು ಮುಂದುವರಿಸಿದನು. ಪೆರ್ಮಾಡಿಯ ತಮ್ಮ ಎರಡನೆಯ ಚಾವುಂಡನ ಕಾಲಕ್ಕೆ ಚಾಲುಕ್ಯರ ಬಲ ಕುಗ್ಗಿ ಕಲಚುರಿಗಳು ಮೇಲೆದ್ದಿದ್ದರು. ಕಲಚುರಿ ಮನೆಯ ಸಿರಿಯಾದೇವಿಯನ್ನು ಚಾವುಂಡನು ಮದುವೆಯಾದದ್ದು ಈ ಹೊತ್ತಿನಲ್ಲಿ. ಅವನ ಇನ್ನೊಬ್ಬ ರಾಣಿ ದೇಮಲದೇವಿ ಮಗ ಆಚುಗಿಯೊಡನೆ ಪಟ್ಟದಕಲ್ಲಿನ ಆಡಳಿತ ನಡೆಸಿದ್ದು ಶಾಸನದಿಂದ ತಿಳಿಯುತ್ತದೆ. ಸಾಮಂತ ಮನೆತನಗಳಲ್ಲಿ ರಾಣಿಯ ಪಾತ್ರ ಅಂತಃಪುರದೊಳಗೆ ಮುಗಿಯುತ್ತಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಇದೇ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿಸಿದವನು ಸಿಂದ ಅರಸನಲ್ಲ, ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ‘ದೇವಾಲಯ ಚಕ್ರವರ್ತಿ’ ಎಂದು ಶಾಸನವೇ ಕರೆದ ಆ ಗುಡಿ, ವಂಶದಿಂದ ಬಂದ ಮಂಡಲೇಶ್ವರನ ಪಕ್ಕದಲ್ಲಿ ಚಕ್ರವರ್ತಿಯ ಅಧಿಕಾರಿಯೂ ಅಷ್ಟೇ ಸಂಪನ್ನನಾಗಿರಬಹುದಾಗಿತ್ತು ಎಂಬುದನ್ನು ತೋರಿಸುತ್ತದೆ.

ಗಂಗಾವತಿ ತಾಲ್ಲೂಕಿನ ಗುಡ್ಡಗಳ ನಡುವಿನ ಕುಮ್ಮಟದುರ್ಗದಿಂದ ಆಳಿದ ಕಂಪಿಲರಾಯನ ಮನೆತನದ ಆಯುಷ್ಯ ತೀರ ಚಿಕ್ಕದು. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಓಡಿಬಂದ ಬಹಾಉದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯನು ಆಶ್ರಯ ಕೊಟ್ಟದ್ದರಿಂದ ಸುಲ್ತಾನನ ದಂಡು ಬಂದಿತು. 1327ರ ಸುಮಾರಿಗೆ ಕುಮ್ಮಟ ಬಿದ್ದು, ತಂದೆಯೂ ಮಗ ಕುಮಾರರಾಮನೂ ಮಡಿದರು. ವಂಶ ಮುಂದುವರಿಯಲಿಲ್ಲ. ಆದರೆ ಗಂಡುಗಲಿ ಕುಮಾರರಾಮನ ಹೆಸರು ಸಾಂಗತ್ಯ ಕಾವ್ಯಗಳಲ್ಲೂ ಬೇಡ ಸಮುದಾಯದ ಭಕ್ತಿಯಲ್ಲೂ ಹಬ್ಬಿ, ಅವನ ಶಿರಸ್ಸಿನ ಆರಾಧನೆಯಾಗಿ ಉಳಿಯಿತು. ಆಳಿದ ವರ್ಷಗಳ ಲೆಕ್ಕದಲ್ಲಿ ಅವನಿಗಿಂತ ಎಷ್ಟೋ ದೊಡ್ಡವರಾದ ಅರಸರಿಗೆ ಈ ಭಾಗ್ಯ ದೊರೆತಿಲ್ಲ.

1336ರಲ್ಲಿ ಸ್ಥಾಪನೆಯಾಯಿತೆಂದು ಸಂಪ್ರದಾಯ ಹೇಳುವ ವಿಜಯನಗರ ರಾಜ್ಯಕ್ಕೆ ಆನೆಗೊಂದಿಯೇ ಮೊದಲ ನೆಲೆ. ಸಂಗಮನ ಮಕ್ಕಳಾದ ಹರಿಹರ, ಬುಕ್ಕರು ಮೊದಲು ಮಹಾಮಂಡಲೇಶ್ವರರೆಂದೇ ಕರೆದುಕೊಂಡರು. ರಾಜಾಧಿರಾಜ, ರಾಜಪರಮೇಶ್ವರ ಎಂಬ ಪೂರ್ಣ ಬಿರುದುಗಳು ಪೀಠ ಗಟ್ಟಿಯಾದ ಮೇಲೆ ಬಂದವು. ವಂಶಪಾರಂಪರ್ಯದ ದೃಷ್ಟಿಯಿಂದ ನೋಡಿದರೆ ಈ ರಾಜ್ಯದ ಕಥೆ ಅಡಿಗಡಿಗೂ ಮುರಿದ ಸರಪಳಿ. 1485ರಲ್ಲಿ ಸಾಳುವ ನರಸಿಂಹನು ಸಂಗಮರಿಂದ ಸಿಂಹಾಸನವನ್ನು ಕಿತ್ತುಕೊಂಡನು. ಅವನ ಮಕ್ಕಳ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದ ತುಳುವ ನರಸನಾಯಕನ ಮನೆಗೆ 1505ರಲ್ಲಿ ಅದು ದಾಟಿತು. ತುಳುವ ಸದಾಶಿವರಾಯನು 1542ರ ನಂತರ ಹೆಸರಿಗೆ ಮಾತ್ರ ಅರಸನಾಗಿದ್ದು, ಅಧಿಕಾರವೆಲ್ಲ ಅರವೀಡು ಮನೆತನದ ರಾಮರಾಯನ ಕೈಯಲ್ಲಿತ್ತು. ವಂಶಪಾರಂಪರ್ಯವನ್ನು ಉಳಿಸಿಕೊಳ್ಳಲು ಕೃಷ್ಣದೇವರಾಯನೇ (ಆಳ್ವಿಕೆ 1509–1529) ಎಳೆಯ ಮಗ ತಿರುಮಲನಿಗೆ ತನ್ನ ಜೀವಿತಕಾಲದಲ್ಲಿ ಪಟ್ಟ ಕಟ್ಟಿದನು. ಮಗು ಬೇಗನೆ ತೀರಿಕೊಂಡಿತು. ಪೋರ್ಚುಗೀಸ್ ವ್ಯಾಪಾರಿ ನೂನಿಜ್‌ನ ಬರಹದ ಪ್ರಕಾರ ವಿಷಪ್ರಯೋಗದ ಸಂಶಯ ಮಂತ್ರಿ ತಿಮ್ಮರಸನ ಮನೆಯ ಮೇಲೆ ಬಿದ್ದಿತು. ಪಟ್ಟ ಹೋದದ್ದು ತಮ್ಮ ಅಚ್ಯುತರಾಯನಿಗೆ.

ಮನೆತನಗಳು ಹೀಗೆ ಬದಲಾದರೂ ರಾಜ್ಯ ಒಂದೇ ಎಂಬ ಭಾವನೆ ಉಳಿಯಲು ಕಾರಣವಾದದ್ದು ಹಂಪಿಯ ದೇವರಾದ ವಿರೂಪಾಕ್ಷ. ಸಂಗಮರ ಕಾಲದ ತಾಮ್ರಶಾಸನಗಳ ಕೊನೆಯಲ್ಲಿ ಅರಸನ ಹೆಸರಿನ ಬದಲು ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರಗಳಲ್ಲಿ ರುಜು ಹಾಕುವ ಪದ್ಧತಿ ಇತ್ತು. ಆಳುವವನು ದೇವರು, ರಾಯನು ಅವನ ಪ್ರತಿನಿಧಿ ಎಂಬುದು ಅದರ ತಾತ್ಪರ್ಯ. ಹೊಸ ವಂಶದವರು ಹಳೆಯ ವಂಶದ ಬಿರುದುಗಳನ್ನೂ ವರಾಹ ಲಾಂಛನವನ್ನೂ ಕಳಚದೆ ಹಾಗೆಯೇ ಮುಡಿದುಕೊಂಡರು. ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ನೆನಪಿಗೆ 1510ರಲ್ಲಿ ವಿರೂಪಾಕ್ಷ ದೇವಾಲಯದ ರಂಗಮಂಟಪವನ್ನು ಕಟ್ಟಿಸಿದ್ದೂ ಇದೇ ಕಾರಣದಿಂದ ಅರ್ಥಪೂರ್ಣ: ತಂದೆಯ ಕಾಲದಲ್ಲಿ ಅರಸುತನವೇ ಇಲ್ಲದಿದ್ದ ಮನೆಯವನು ರಾಜ್ಯದ ಮೂಲದೈವದ ಮುಂದೆ ತನ್ನ ಹಕ್ಕನ್ನು ಕಲ್ಲಿನಲ್ಲಿ ಬರೆಸಿದನು. ಮಠಗಳ ಪಾತ್ರವೂ ಕಡಿಮೆಯದಲ್ಲ. ಶೃಂಗೇರಿಯ ಗುರುಗಳ ಬಿರುದಾವಳಿಯಲ್ಲಿ ‘ಕರ್ನಾಟಕ ಸಿಂಹಾಸನ ಪ್ರತಿಷ್ಠಾಪನಾಚಾರ್ಯ’ ಎಂಬುದು ಇಂದಿಗೂ ಉಳಿದಿದೆ. ಮಾಧ್ವ ಯತಿ ವ್ಯಾಸರಾಯರನ್ನು ಕೃಷ್ಣದೇವರಾಯನು ಗುರುವೆಂದು ಗೌರವಿಸಿದನು, ಅವರ ವೃಂದಾವನ ಆನೆಗೊಂದಿ ಬಳಿಯ ನಡುಗಡ್ಡೆಯ ನವವೃಂದಾವನದಲ್ಲಿದೆ.

ರಾಯನ ಕರ್ತವ್ಯಗಳಲ್ಲಿ ಯುದ್ಧದಷ್ಟೇ ಮುಖ್ಯವಾದದ್ದು ನಡುವೆ ನಿಂತು ತೀರ್ಪು ಕೊಡುವುದು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವೆದ್ದಾಗ ಬುಕ್ಕರಾಯನು ಇಬ್ಬರ ಕೈಯನ್ನೂ ಕೂಡಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ ಶಾಸನ ಶ್ರವಣಬೆಳಗೊಳದಲ್ಲಿದೆ. ‘ಭಾಷೆಗೆ ತಪ್ಪುವ ರಾಯರ ಗಂಡ’, ಎಂದರೆ ಕೊಟ್ಟ ಮಾತಿಗೆ ತಪ್ಪುವ ಅರಸರನ್ನು ದಂಡಿಸುವವನು ಎಂಬ ಬಿರುದು ಇಂಥ ಸಂದರ್ಭಗಳಲ್ಲಿ ಬರಿಯ ಅಲಂಕಾರವಾಗಿರಲಿಲ್ಲ. ಅಧಿಕಾರವನ್ನು ಜನರ ಕಣ್ಣಿಗೆ ಕಾಣಿಸುವ ಹಬ್ಬ ಮಹಾನವಮಿ. 1443ರಲ್ಲಿ ಬಂದ ವಿದೇಶಿ ಪ್ರವಾಸಿ ಅಬ್ದುರ್ ರಜಾಕ್, ಕೃಷ್ಣದೇವರಾಯನ ಕಾಲದಲ್ಲಿ ಬಂದ ಇನ್ನೊಬ್ಬ ಪ್ರವಾಸಿ ಪಾಯಸ್ ಇಬ್ಬರೂ ಅದರ ವೈಭವವನ್ನು ವರ್ಣಿಸಿದ್ದಾರೆ. ದೂರದೂರದ ನಾಯಕರು ಕಾಣಿಕೆಯೊಡನೆ ಬಂದು, ರಾಯನ ಎದುರು ತಮ್ಮ ದಂಡಿನ ಮೆರವಣಿಗೆ ನಡೆಸಿ ಹೋಗುವುದು ನಿಷ್ಠೆಯ ವಾರ್ಷಿಕ ನವೀಕರಣವಾಗಿತ್ತು. ರಾಯರ ಮೂರನೆಯ ಕರ್ತವ್ಯ ನೀರು. ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಹಾಕಿ ತೆಗೆದ ಕಾಲುವೆಗಳಲ್ಲಿ ಹುಲಗಿ, ಶಿವಪುರ, ಆನೆಗೊಂದಿ ಮತ್ತು ಗಂಗಾವತಿಯ ಮೇಲಿನ, ಕೆಳಗಿನ ಕಾಲುವೆಗಳು ಎಡದಂಡೆಯಲ್ಲಿವೆ. ಅರಮನೆಗಳು ಬಿದ್ದುಹೋದರೂ ಇವು ಹರಿಯುವುದು ನಿಲ್ಲಲಿಲ್ಲ. ಆನೆಗೊಂದಿ ಸುತ್ತಿನ ಗದ್ದೆ, ಬಾಳೆತೋಟಗಳು ತುಂಗಭದ್ರಾ ಅಣೆಕಟ್ಟಿಗಿಂತ ಬಹಳ ಹಿಂದಿನವು.

ಚಕ್ರವರ್ತಿಗೂ ಹಳ್ಳಿಗೂ ನಡುವೆ ಇದ್ದವರು ನಾಯಕರು. ಅಮರನಾಯಕ ಪದ್ಧತಿಯಲ್ಲಿ ರಾಯನು ಒಂದು ಸೀಮೆಯ ಹುಟ್ಟುವಳಿಯನ್ನು ನಾಯಕನಿಗೆ ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಗೊತ್ತಾದ ಸಂಖ್ಯೆಯ ಕಾಲಾಳು, ಕುದುರೆ, ಆನೆಗಳನ್ನೂ ವಾರ್ಷಿಕ ಹಣವನ್ನೂ ಪಡೆಯುತ್ತಿದ್ದನು. ತತ್ವದಲ್ಲಿ ಇದು ಹಿಂತೆಗೆದುಕೊಳ್ಳಬಹುದಾದ ಹಕ್ಕಾದರೂ ರೂಢಿಯಲ್ಲಿ ಬಹುಬೇಗ ತಂದೆಯಿಂದ ಮಗನಿಗೆ ಇಳಿಯತೊಡಗಿತು. ಈ ಸೀಮೆಯಲ್ಲಿ ಹೀಗೆ ಬೇರೂರಿದವರು ಬೇಡ ಸಮುದಾಯಕ್ಕೆ ಸೇರಿದ ಕನಕಗಿರಿಯ ಗುಜ್ಜಲ ವಂಶದ ನಾಯಕರು. ಉಡಚನಾಯಕ ಎಂಬ ಹೆಸರು ಇವರಲ್ಲಿ ಮತ್ತೆ ಮತ್ತೆ ಬರುತ್ತದೆ. ಕನಕಾಚಲಪತಿ ದೇವಾಲಯವೂ ವೆಂಕಟಪ್ಪ ನಾಯಕನ ಬಾವಿಯೂ ಇವರ ಕಾಣಿಕೆ. ‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಗಾದೆಯಲ್ಲಿ ರಾಜಧಾನಿಯ ಎದುರು ಸಾಮಂತನ ಊರಿಗೆ ಜನ ಕೊಟ್ಟ ಮೇಲುಗೈ ಕಾಣುತ್ತದೆ, ಮತ್ತು ಕನಕಗಿರಿಯ ಕೆತ್ತನೆಯನ್ನು ಕಂಡವರಿಗೆ ಇದು ಅತಿಶಯೋಕ್ತಿಯೆನ್ನಿಸುವುದಿಲ್ಲ. ದೊಡ್ಡ ರಾಜ್ಯಗಳು ಬಿದ್ದಾಗಲೆಲ್ಲ ಇಂಥ ನಾಯಕ ಮನೆತನಗಳೇ ಪಾಳೆಯಗಾರರೆನಿಸಿ, ಹೊಸ ಪ್ರಭುವಿಗೆ ಕಪ್ಪ ಒಪ್ಪಿಕೊಂಡು ತಮ್ಮ ಸೀಮೆಯನ್ನು ಉಳಿಸಿಕೊಂಡವು. ಇದೇ ಸಮುದಾಯದ ಸುರಪುರದ ನಾಯಕರದೂ ಇಂಥದೇ ಕಥೆ, ಇನ್ನೂ ದೊಡ್ಡ ಪ್ರಮಾಣದಲ್ಲಿ.

1565ರ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ರಾಮರಾಯನು ಹತನಾದ ಮೇಲೆ ಅವನ ತಮ್ಮ ತಿರುಮಲನು ಸದಾಶಿವರಾಯನೊಡನೆ ಪೆನುಕೊಂಡೆಗೆ ಹೋದನು. ರಾಜಧಾನಿ ಮುಂದೆ ಚಂದ್ರಗಿರಿ, ವೆಲ್ಲೂರುಗಳಿಗೆ ಸರಿದು, 17ನೆಯ ಶತಮಾನದ ನಡುವಿನ ಮೂರನೆಯ ಶ್ರೀರಂಗರಾಯನೊಡನೆ ಸಾಮ್ರಾಜ್ಯ ಮುಗಿಯಿತು. ಅರವೀಡು ವಂಶದ ಒಂದು ಕವಲು ಆನೆಗೊಂದಿಗೆ ಮರಳಿ ಅಲ್ಲಿಯೇ ನೆಲೆಗೊಂಡಿತು. ಮರಾಠರು, ಹೈದರ್ ಅಲಿ, ಟಿಪ್ಪು ಹೀಗೆ ಬಲ ಬಂದವರಿಗೆಲ್ಲ ಕಪ್ಪ ಕಟ್ಟುತ್ತ ಬಂದ ಈ ಚಿಕ್ಕ ಸಂಸ್ಥಾನವನ್ನು 1786ರಲ್ಲಿ ಟಿಪ್ಪು ಕಿತ್ತುಕೊಂಡನು. 1799ರಲ್ಲಿ ಅವನ ಪತನದ ನಂತರ ರಾಜನು ಹಿಂತಿರುಗಿದರೂ ಹಳೆಯ ಸ್ವಾತಂತ್ರ್ಯ ದೊರೆಯದೆ ಪಿಂಚಣಿದಾರನಾಗಿ ಉಳಿದನು. 1800ರಲ್ಲಿ ನಿಜಾಮನು ಬಳ್ಳಾರಿ ಮೊದಲಾದ ಜಿಲ್ಲೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಈ ಮನೆತನಕ್ಕೆ ವಿಚಿತ್ರ ಪರಿಸ್ಥಿತಿಯೊಂದು ಒದಗಿತು. ತುಂಗಭದ್ರೆಯೇ ಗಡಿಯಾಗಿ, ರಾಜನ ಮನೆ ನಿಜಾಮನ ಸೀಮೆಯಲ್ಲೂ ಅವನ ವಂಶದ ಮಹಿಮೆಯ ನೆಲೆಯಾದ ಹಂಪಿ ಮದರಾಸು ಪ್ರಾಂತದಲ್ಲೂ ಉಳಿದವು. ಹಂಪಿಯಿದ್ದ ಬಳ್ಳಾರಿ ಭಾಗ 1953ರಲ್ಲಿ, ಆನೆಗೊಂದಿಯಿದ್ದ ರಾಯಚೂರು ಭಾಗ 1956ರಲ್ಲಿ ಮೈಸೂರು ರಾಜ್ಯವನ್ನು ಸೇರುವವರೆಗೆ ನದಿಯ ಎರಡು ದಂಡೆಗಳು ಒಂದು ಸರ್ಕಾರದ ಕೆಳಗೆ ಬರಲಿಲ್ಲ. ಹೀಗಿದ್ದೂ ಹಂಪಿಯ ಉತ್ಸವದಲ್ಲಿ ಆನೆಗೊಂದಿ ಮನೆತನಕ್ಕೆ ಸಲ್ಲುವ ಮರ್ಯಾದೆಯ ರೂಢಿ ಅಳಿಯಲಿಲ್ಲ.

ನಿಜಾಮನ ಆಡಳಿತದಲ್ಲಿ ಸಂಸ್ಥಾನ ಎಂಬುದಕ್ಕೆ ನಿರ್ದಿಷ್ಟ ಅರ್ಥವಿತ್ತು: ಹೈದರಾಬಾದಿಗೆ ವಾರ್ಷಿಕ ಕಪ್ಪ ಕೊಟ್ಟು ಒಳಾಡಳಿತವನ್ನು ನೋಡಿಕೊಳ್ಳುವ ಹಳೆಯ ಹಿಂದೂ ಮನೆತನದ ಸೀಮೆ. ಗದ್ವಾಲ, ವನಪರ್ತಿ, ಗುರಗುಂಟಾಗಳಂತೆ ಆನೆಗೊಂದಿಯೂ ಈ ಗುಂಪಿಗೆ ಸೇರಿತ್ತು. ಕೊಪ್ಪಳ, ಯಲಬುರ್ಗಾಗಳ ಸ್ಥಿತಿ ಬೇರೆ. ಅವು ನಿಜಾಮನ ದಿವಾನರ ಮನೆತನವಾದ ಸಾಲಾರ್‌ಜಂಗರ ಜಹಗೀರು. ಈ ಪ್ರಭುಗಳು ದೂರದ ಹೈದರಾಬಾದಿನಲ್ಲಿದ್ದವರು, ಜಾತ್ರೆಯ ತೇರಿನ ಮುಂದೆ ನಿಂತವರಲ್ಲ, ಆದ್ದರಿಂದ ಜನರ ನೆನಪಿನಲ್ಲಿ ಅವರು ಅರಸರೆನಿಸಿಕೊಳ್ಳಲಿಲ್ಲ. ಕೊಪ್ಪಳದ ಕೋಟೆಯನ್ನು 1819ರಲ್ಲಿ ಪಾಳೆಯಗಾರ ವೀರಪ್ಪನು ವಶಪಡಿಸಿಕೊಂಡಿದ್ದನು. 1858ರಲ್ಲಿ ಮುಂಡರಗಿ ಭೀಮರಾಯ ಮತ್ತು ಹಮ್ಮಿಗಿ ಕೆಂಚನಗೌಡರು ಇದೇ ಕೋಟೆಯನ್ನು ಹಿಡಿದು ಬ್ರಿಟಿಷ್ ಸೈನ್ಯದೆದುರು ಮಡಿದರು.

ಕಂಪನಿ ಸರ್ಕಾರದ ಕಾಲದಲ್ಲಿ ವಂಶಪಾರಂಪರ್ಯದ ಪ್ರಶ್ನೆ ದತ್ತಕದ ಪ್ರಶ್ನೆಯಾಗಿ ಮಾರ್ಪಟ್ಟಿತು. ಮಕ್ಕಳಿಲ್ಲದ ಅರಸನು ದತ್ತು ತೆಗೆದುಕೊಳ್ಳುವುದು ಧರ್ಮಶಾಸ್ತ್ರ ಒಪ್ಪಿದ ರೂಢಿ. ಅದನ್ನು ಮಾನ್ಯ ಮಾಡುವುದು ತನ್ನ ಇಚ್ಛೆಗೆ ಬಿಟ್ಟದ್ದು ಎಂಬುದು ಕಂಪನಿಯ ನಿಲುವು. 1824ರ ಕಿತ್ತೂರಿನ, 1858ರ ನರಗುಂದದ ದಂಗೆಗಳೆರಡೂ ಈ ತಿಕ್ಕಾಟದಿಂದ ಸಿಡಿದವು. ಸುರಪುರದಲ್ಲಿ ಎಳೆಯ ವೆಂಕಟಪ್ಪ ನಾಯಕನ ಪರವಾಗಿ ತಾಯಿ ಈಶ್ವರಮ್ಮ ಮತ್ತು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ನಡುವೆ ಆಡಳಿತಕ್ಕಾಗಿ ಜಗ್ಗಾಟ ನಡೆಯಿತು. 1858ರಲ್ಲಿ ನಾಯಕನ ದಂಗೆ ಮತ್ತು ಸಾವಿನೊಡನೆ ಆ ಸಂಸ್ಥಾನ ಮುಗಿಯಿತು. ಆನೆಗೊಂದಿ ಉಳಿದದ್ದಕ್ಕೆ ಅದರ ಸಣ್ಣತನವೂ ಕಾರಣವೆನ್ನಬೇಕು, ಕಿತ್ತುಕೊಂಡರೆ ಯಾರಿಗೂ ಹೆಚ್ಚಿನ ಲಾಭವಿರಲಿಲ್ಲ.

ಹನುಮಸಾಗರ, ಕುಷ್ಟಗಿ ಕಡೆಯ ರೈತನಿಗೆ ರಾಯನಾಗಲಿ ನಿಜಾಮನಾಗಲಿ ಎದುರಿಗೆ ಕಂಡವನಲ್ಲ. ಅವನು ಕಂಡದ್ದು ವಾಡೆಯನ್ನು, ಎಂದರೆ ದೇಸಾಯಿ, ನಾಡಗೌಡರ ದೊಡ್ಡ ಮನೆಯನ್ನು. ದೇಸಾಯಿ, ನಾಡಗೌಡರು ಪರಗಣೆಯ ಮಟ್ಟದಲ್ಲಿ ಕಂದಾಯ ವಸೂಲಿಗೆ ಹೊಣೆಗಾರರು. ದೇಶಪಾಂಡೆ ಅದರ ಲೆಕ್ಕ ಬರೆಯುವವನು. ಊರಿನ ಮಟ್ಟದಲ್ಲಿ ಕಂದಾಯಕ್ಕೆ ಮಾಲಿಪಾಟೀಲ, ಶಾಂತಿಪಾಲನೆಗೆ ಪೊಲೀಸಪಾಟೀಲ, ದಫ್ತರಕ್ಕೆ ಕುಲಕರ್ಣಿ, ಕಾವಲಿಗೆ ತಳವಾರ. ಇವೆಲ್ಲ ವತನಗಳು, ಎಂದರೆ ಸೇವೆಗೆ ಪ್ರತಿಯಾಗಿ ಇನಾಮು ಭೂಮಿಯನ್ನೂ ಸುಗ್ಗಿಯಲ್ಲಿ ಪಾಲನ್ನೂ ಪಡೆದು ಮನೆತನದಲ್ಲಿ ಮುಂದುವರಿಯುವ ಹಕ್ಕುಗಳು. ಅರಸನ ಮನೆಯಲ್ಲಿ ನಡೆಯುವುದೆಲ್ಲ ಇಲ್ಲಿ ಚಿಕ್ಕ ಪ್ರಮಾಣದಲ್ಲಿ ನಡೆಯುತ್ತಿತ್ತು: ದಾಯಾದಿಗಳ ವ್ಯಾಜ್ಯ, ದತ್ತು, ಸನದಿನ ನವೀಕರಣ, ಜಾತ್ರೆಯಲ್ಲಿ ಮೊದಲ ಕಾಯಿ ಯಾರದು ಎಂಬ ಜಗಳ. ಮೇಲಿನ ವಂಶಗಳು ಉರುಳಿದಾಗಲೂ ಈ ಪದರ ಅಲುಗದೆ ನಿಂತದ್ದರಿಂದಲೇ ಪ್ರತಿ ಹೊಸ ಪ್ರಭುವೂ ಮೊದಲ ವರ್ಷದಿಂದಲೇ ಕಂದಾಯ ಎತ್ತಲು ಸಾಧ್ಯವಾಯಿತು. ಹುದ್ದೆಗಳು ಹೋದರೂ ಹೆಸರುಗಳು ಅಡ್ಡಹೆಸರುಗಳಾಗಿ ಇಂದಿಗೂ ಈ ಭಾಗದ ಮತದಾರರ ಪಟ್ಟಿಯಲ್ಲಿವೆ. ಈ ವ್ಯವಸ್ಥೆಯ ಭಾರ ಬಿದ್ದದ್ದು ಬಿಟ್ಟಿ ಚಾಕರಿ ಮಾಡಿದವರ ಮೇಲೆ; ವಾಡೆಯ ವೈಭವವನ್ನು ವರ್ಣಿಸುವ ಬರಹಗಳು ಇದನ್ನು ಸಾಮಾನ್ಯವಾಗಿ ಹೇಳದೆ ಬಿಡುತ್ತವೆ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1949ರ ಜಹಗೀರು ರದ್ದತಿ ಕಾಯಿದೆ ಜಹಗೀರುಗಳೊಡನೆ ಒಳಗಿನ ಸಂಸ್ಥಾನಗಳನ್ನೂ ಒಟ್ಟಿಗೇ ಕೊನೆಗಾಣಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮಣಿಪುರವೂ ಭಾರತದೊಳಗೆ ಸೇರಿತು. ಆದರೆ ಒಂದು ವ್ಯತ್ಯಾಸವಿತ್ತು. ಮಣಿಪುರ, ಮೈಸೂರುಗಳ ಅರಸರು ಭಾರತ ಸರ್ಕಾರದೊಡನೆ ನೇರ ಒಪ್ಪಂದ ಮಾಡಿಕೊಂಡು ರಾಜಧನಕ್ಕೆ ಹಕ್ಕುದಾರರಾದರು, ಅದನ್ನು 1971ರ 26ನೆಯ ಸಂವಿಧಾನ ತಿದ್ದುಪಡಿ ತೆಗೆದುಹಾಕಿತು. ನಿಜಾಮನ ಕೆಳಗಿನ ಆನೆಗೊಂದಿಯಂಥವುಗಳಿಗೆ ಅಂಥ ನೇರ ಒಪ್ಪಂದದ ಸ್ಥಾನವೇ ಇರಲಿಲ್ಲ.

ಅನಂತರದ ಕಾಲದಲ್ಲಿ ಈ ಮನೆತನಗಳ ಪ್ರಭಾವ ಎರಡು ದಾರಿ ಹಿಡಿಯಿತು. ಒಂದು ದೇವಸ್ಥಾನದ್ದು, ಹಂಪಿಯ ರಥೋತ್ಸವದಲ್ಲಿ ಆನೆಗೊಂದಿಯವರು ಪಾಲ್ಗೊಳ್ಳುವ ರೂಢಿ ನಡೆದಿದೆ. ಇನ್ನೊಂದು ಚುನಾವಣೆಯದು. ಆನೆಗೊಂದಿ ಮನೆತನದ ಶ್ರೀರಂಗದೇವರಾಯಲು ಈ ಭಾಗದಿಂದ ವಿಧಾನಸಭೆಗೆ ಆಯ್ಕೆಯಾಗಿ ರಾಜ್ಯದ ಸಚಿವರಾದರು. ಮಣಿಪುರದ ನಾಮಮಾತ್ರ ಮಹಾರಾಜ ಲೈಶೆಂಬಾ ಸನಾಜಾವೊಬಾ 2020ರಲ್ಲಿ ರಾಜ್ಯಸಭೆಗೂ, ಮೈಸೂರಿನ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ 2024ರಲ್ಲಿ ಲೋಕಸಭೆಗೂ ಆಯ್ಕೆಯಾದರು.

ಕೊಪ್ಪಳ ಸೀಮೆಯ ಅರಸೊತ್ತಿಗೆಯ ಅಧ್ಯಯನ ಇಂದಿಗೂ ಹಂಪಿಯ ಕಡೆಗೇ ವಾಲಿದೆ. ವಿಜಯನಗರದ ಶಾಸನಗಳು ಮತ್ತು ವಿದೇಶಿ ಪ್ರವಾಸಿಗಳ ಬರಹಗಳು ಹಲವು ಬಾರಿ ಅಚ್ಚಾಗಿ ಎಲ್ಲರಿಗೂ ದೊರೆಯುವಾಗ, ಸೀಮೆಯನ್ನು ದಿನನಿತ್ಯ ನಡೆಸಿದ ನಾಯಕ, ದೇಸಾಯಿ, ನಾಡಗೌಡ ಮನೆಗಳ ಸನದು, ವಂಶಾವಳಿ, ಲೆಕ್ಕದ ಕಡತಗಳಿಗೆ ಅಂಥ ಗಮನ ಸಂದಿಲ್ಲ. ವಂಶಪಾರಂಪರ್ಯ ಆಳ್ವಿಕೆ ಹಳ್ಳಿಯಲ್ಲಿ ಹೇಗೆ ನಡೆಯಿತು ಎಂಬುದಕ್ಕೆ ಸಾಮ್ರಾಜ್ಯದ ತಾಮ್ರಪಟಗಳಿಗಿಂತ ಹತ್ತಿರದ ಆಧಾರ ಆ ಕಾಗದಗಳೇ.